ನೂರೈವತ್ತು ಮೈಕ್ರಾನ್ ಕೆಳಗೆ

"ಅಲ್ಲಾಡಬೇಡಿ," ಎಂದಳು ಮಿನೋರಿ.

"ಅಲ್ಲಾಡ್ತಿರೋದು ನಾನಲ್ಲ, ಕುರ್ಚಿ."

ಕುರ್ಚಿ ಗಟ್ಟಿಯಾಗಿಯೇ ಇತ್ತು. ನಡುಗುತ್ತಿದ್ದದ್ದು ಅವನ ಮೊಣಕಾಲು.

ಅವನ ಹೆಸರು ಶೂಗೋ. ಶಿಂಜಿ ಸರೋವರದಲ್ಲಿ ದೋಣಿ ನಿಲ್ಲಿಸಿ, ಉದ್ದ ಹಿಡಿಯ ಕುಂಟೆಯಿಂದ ಚಿಪ್ಪುಮೀನುಗಳನ್ನು ಬಾಚುವ ಕೆಲಸ. ಕಾಂಟ್ಯಾಕ್ಟ್ ಲೆನ್ಸ್ ಹಾಕಿದ್ದ ಎಡಗಣ್ಣಿಗೆ ಒಂದು ದಿನ ನೀರು ಸಿಡಿದಿತ್ತು. ವೈರಸ್ ಇರಬಹುದೆಂದು ಎಲ್ಲೋ ಕೊಟ್ಟ ಔಷಧಿ ಹತ್ತಲಿಲ್ಲ. ಈಗ ಬೆಳಕು ಕಂಡರೇ ಸೂಜಿ ಚುಚ್ಚಿದ ಹಾಗೆ ಆಗುತ್ತಿತ್ತು. ಅದಕ್ಕೇ ಸರೋವರದ ದಡದ ಮತ್ಸುಯೆ ಊರಿನ ಈ ಕಣ್ಣಾಸ್ಪತ್ರೆಗೆ ಬಂದಿದ್ದ. ಇಲ್ಲಿ ಯಂತ್ರದಿಂದ ಕಣ್ಣು ಪರೀಕ್ಷಿಸಿ ವರದಿ ಬರೆಯುವುದು ಮಿನೋರಿಯ ಕೆಲಸ.

"ಮರಗಟ್ಟಿಸೋ ಹನಿ ಹಾಕಿದ್ದೀನಿ. ಯಂತ್ರದ ತುದಿ ಕಣ್ಣಿಗೆ ಮುಟ್ಟುತ್ತೆ, ನೋವಾಗಲ್ಲ."

"ನಿಮಗೆ ಏನು ಕಾಣುತ್ತೆ?"

"ಕಣ್ಣಿನ ಪದರಗಳು. ಕತ್ತರಿಸದೆ, ಒಂದರ ಕೆಳಗೆ ಒಂದು."

ಅದು ಕಾನ್‌ಫೋಕಲ್ ಲೇಸರ್ ಮೈಕ್ರೋಸ್ಕೋಪ್. ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಮೈಕ್ರಾನ್. ಆ ಲೆಕ್ಕದಲ್ಲಿ ಅವಳು ಗುಂಡಿ ತಿರುಗಿಸುತ್ತ ಇಳಿದಳು. ಪರದೆಯ ಮೇಲೆ ಬೂದು ಬಣ್ಣ, ತೆಳುವಾದ ಬಿಳಿ ನರಗಳು. ಆಮೇಲೆ ಅವು ಬಂದವು: ಎರಡೆರಡು ಉಂಗುರದ ಹೊಳೆಯುವ ಚುಕ್ಕೆಗಳು. ನೀರಿನಿಂದ ಬಂದು ಗೂಡು ಕಟ್ಟಿಕೊಂಡು ಕೂತ ಅಮೀಬಾಗಳು. ಹತ್ತಲ್ಲ, ಇಪ್ಪತ್ತಲ್ಲ.

"ಏನೋ ಕಂಡಿತು," ಎಂದ ಶೂಗೋ. ಅವನ ಬಲಗಣ್ಣು ಅವಳನ್ನೇ ನೋಡುತ್ತಿತ್ತು.

"ಡಾಕ್ಟರ್ ಹೇಳ್ತಾರೆ."

"ನೀವು ಉಸಿರಾಡೋದು ನಿಲ್ಲಿಸಿದ್ರಿ."

ಡಾಕ್ಟರ್ ನೋತ್ಸು ಸುತ್ತಿಬಳಸಿ ಮಾತಾಡುವ ಹೆಂಗಸಲ್ಲ. ತಾಸಿಗೊಮ್ಮೆ ಹನಿ, ತಿಂಗಳುಗಟ್ಟಲೆ. ಅದಕ್ಕೂ ಬಗ್ಗದಿದ್ದರೆ ಕಣ್ಣು ಹೋಗಬಹುದು ಎಂದರು.

ಅಂದಿನಿಂದ ಪ್ರತಿ ಗುರುವಾರ ಅವನು ಬಂದ. ಗದ್ದವನ್ನು ಯಂತ್ರದ ಪಟ್ಟಿಯ ಮೇಲಿಟ್ಟು, ಒಂದು ಗೇಣಿನ ದೂರದಲ್ಲಿ ಕೂರುತ್ತಿದ್ದ. ಅಷ್ಟು ಹತ್ತಿರದಿಂದ ಅವನ ರೆಪ್ಪೆಯ ಕೂದಲು, ಹುಬ್ಬಿನ ಕೆಳಗಿನ ಸಣ್ಣ ಗಾಯದ ಗುರುತು, ಬಿಸಿಲಿಗೆ ಕಂದಿದ ಕೆನ್ನೆ ಎಲ್ಲವೂ ಮಿನೋರಿಗೆ ಬಾಯಿಪಾಠವಾದವು.

"ನನ್ನೊಳಗೆ ಇಷ್ಟು ದೂರ ಬಂದವರು ನೀವೊಬ್ರೇ. ಹೆಸರಾದ್ರೂ ಹೇಳಬಾರದಾ?"

"ಬ್ಯಾಡ್ಜ್ ಮೇಲಿದೆ ನೋಡಿ."

"ಕನ್ನಡಕ ತೆಗೆದ್ರೆ ಓದೋಕಾಗಲ್ಲ. ಇನ್ನು ಮುಂದೆ ಹಾಕಿದ್ರೂ ಆಗುತ್ತೋ ಇಲ್ವೋ."

ನಗುತ್ತಲೇ ಹೇಳಿದ್ದ. ಅವಳಿಗೆ ನಗು ಬರಲಿಲ್ಲ. "ಮಿನೋರಿ," ಎಂದಳು ಮೆಲ್ಲಗೆ. ಅವನು ತುಟಿಯಲ್ಲೇ ಒಮ್ಮೆ ಹೇಳಿಕೊಂಡ.

ಬುಧವಾರ ಸಂಜೆಯಾದರೆ ಅವಳ ಅಂಗೈ ತಣ್ಣಗಾಗತೊಡಗಿತು. ನಾಳೆ ಅವನು ಬರುತ್ತಾನೆಂಬ ಸಂತೋಷ ಯಾವುದು, ನಾಳೆ ಏನು ಕಾಣುತ್ತದೋ ಎಂಬ ದಿಗಿಲು ಯಾವುದು ಎಂದು ಅವಳಿಗೇ ಬಿಡಿಸಲಾಗುತ್ತಿರಲಿಲ್ಲ.

ಒಂಬತ್ತನೆಯ ಗುರುವಾರ ಮೇಲಿನ ಪದರಗಳಲ್ಲಿ ಚುಕ್ಕೆಗಳಿರಲಿಲ್ಲ. ನೂರು ಮೈಕ್ರಾನ್, ಖಾಲಿ. ನೂರೈವತ್ತು, ಖಾಲಿ. ಕೆಳಗೆ ಇನ್ನೂ ಬಹಳ ಉಳಿದಿತ್ತು. ಗುಂಡಿಯ ಮೇಲಿದ್ದ ಬೆರಳು ಅಲ್ಲೇ ನಿಂತಿತು. ಈ ಖಾಲಿತನ ಹೀಗೇ ಇರಲಿ ಎನ್ನಿಸಿತು. ಯಂತ್ರವನ್ನು ಹಿಂದೆ ಸರಿಸಿ, 'ಅಮೀಬಾ ಕಾಣಲಿಲ್ಲ' ಎಂದು ವರದಿ ಬರೆದಳು.

"ಒಳ್ಳೇದಾಯ್ತು," ಎಂದರು ನೋತ್ಸು. "ಸೋಮವಾರದಿಂದ ಸ್ಟೀರಾಯ್ಡ್ ಹನಿ ಶುರು ಮಾಡೋಣ. ಉರಿಯೂತ ಇಳಿಯುತ್ತೆ."

ಒಂದೇ ಒಂದು ಅಮೀಬಾ ಉಳಿದಿದ್ದರೂ ಸ್ಟೀರಾಯ್ಡ್ ಅದಕ್ಕೆ ಬಾಗಿಲು ತೆರೆದುಕೊಟ್ಟಂತೆ. ಅದು ಮಿನೋರಿಗೆ ಗೊತ್ತಿತ್ತು. ಆದರೂ "ಸರಿ" ಎಂದು ಹೊರಗೆ ಬಂದಳು.

ಮರುದಿನ ಬೆಳಿಗ್ಗೆ ಡಾಕ್ಟರ್ ಬರುವ ಮೊದಲೇ ಅವರ ಬಾಗಿಲ ಮುಂದೆ ನಿಂತಿದ್ದಳು.

"ನಾನು ಪೂರ್ತಿ ಇಳಿಯಲಿಲ್ಲ. ನೂರೈವತ್ತರಲ್ಲಿ ನಿಲ್ಲಿಸಿಬಿಟ್ಟೆ."

ನೋತ್ಸು ಕೋಟು ಬಿಚ್ಚುತ್ತಿದ್ದವರು ಹಾಗೇ ನಿಂತರು. "ಬಯ್ಯೋದು ಆಮೇಲೆ ಇದೆ, ಬಿಡಲ್ಲ. ಮೊದಲು ಅವರನ್ನ ಕರೆಸು. ಏನು ಮಾಡಿದೆ ಅಂತ ನೀನೇ ಹೇಳು."

ಶೂಗೋ ಹನ್ನೊಂದಕ್ಕೆ ಬಂದ. ಅವಳು ಕೂರದೆ ಎಲ್ಲವನ್ನೂ ಹೇಳಿದಳು. ಅವನ ಮುಖದ ಬಣ್ಣ ಇಳಿಯಿತು.

"ಯಾಕೆ?"

"ಭಯ ಆಯ್ತು."

"ಕಣ್ಣು ನನ್ನದು. ಭಯ ನಿಮಗಾ?"

"ಬೇರೆಯವರ ಕಣ್ಣಾಗಿದ್ದಿದ್ರೆ ಕೆಳಗೆ ಹೋಗ್ತಿದ್ದೆ." "ನಿಮ್ಮದು ಅಂತ ಆಗಲಿಲ್ಲ. ಹೀಗೆ ಹೇಳಬಾರದು, ಇಂಥ ದಿನ ಅಂತೂ ಹೇಳಲೇಬಾರದು. ಪಕ್ಕದ ಕೋಣೆಯಲ್ಲಿ ಇದೇ ಕೆಲಸದ ಇನ್ನೊಬ್ಬರಿದ್ದಾರೆ. ಇವತ್ತು ನಿಮ್ಮ ಕಣ್ಣನ್ನ ಅವರು ನೋಡ್ತಾರೆ."

ಅವನಿಗೆ ಸಿಟ್ಟು ಬಂದಿತ್ತು, ಅದು ದವಡೆಯಲ್ಲಿ ಕಾಣುತ್ತಿತ್ತು. ಕೊನೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಗದ್ದವನ್ನು ಪಟ್ಟಿಗೆ ಆನಿಸಿದ.

"ಬೇರೆಯವರು ಬೇಡ. ನೀವೇ ನೋಡಿ. ಕಂಡದ್ದನ್ನ ಕಂಡ ಹಾಗೆ ಹೇಳಿ."

ಅವಳು ಇಳಿದಳು. ನೂರೈವತ್ತು. ನೂರ ಎಪ್ಪತ್ತು. ನೂರ ತೊಂಬತ್ತರಲ್ಲಿ ಎರಡು ಚುಕ್ಕೆ, ಅಕ್ಕಪಕ್ಕ, ನಿಚ್ಚಳವಾಗಿ.

"ಇದೆ. ಎರಡು."

ಶೂಗೋ ಕಣ್ಣು ಕದಲಿಸಲಿಲ್ಲ. ಕೈ ಮಾತ್ರ ಮೇಜಿನ ಅಂಚನ್ನು ತಡಕಾಡಿ ಅವಳ ಮಣಿಕಟ್ಟನ್ನು ಹಿಡಿಯಿತು. ಅವನು ಹಾಗೆ ಹಿಡಿದಿರುವಂತೆಯೇ ಅವಳು ತಳದವರೆಗೆ ಹೋದಳು.

ಸ್ಟೀರಾಯ್ಡ್ ಶುರುವಾಗಲೇ ಇಲ್ಲ. ಹಳೆಯ ಹನಿಗಳು ಮತ್ತೆ ಐದು ತಿಂಗಳು ನಡೆದವು. ಮಿನೋರಿಗೆ ಸಿಕ್ಕಬೇಕಾದ ಬೈಗುಳವೂ ಸಿಕ್ಕಿತು, ಲಿಖಿತವಾಗಿ. ಮಾರ್ಚಿನಲ್ಲಿ ಎಲ್ಲ ಪದರಗಳೂ ಖಾಲಿಯಾದವು, ತಳದವರೆಗೆ. ಎಡಗಣ್ಣಿನಲ್ಲಿ ಒಂದು ಮಂಜಿನ ಕಲೆ ಉಳಿಯಿತು. ಅದರಾಚೆ ಮನುಷ್ಯರ ಮುಖ ಗುರುತಾಗುತ್ತಿತ್ತು.

"ಮತ್ತೆ ಬರಬಹುದಂತೆ, ಡಾಕ್ಟರ್ ಹೇಳಿದ್ರು," ಎಂದ ಶೂಗೋ. ಆಸ್ಪತ್ರೆಯ ಮೆಟ್ಟಿಲ ಮೇಲೆ, ಮಧ್ಯಾಹ್ನದ ಬಿಸಿಲಿನಲ್ಲಿ ನಿಂತಿದ್ದರು. "ನಾಳೆಯಿಂದ ಸರೋವರಕ್ಕೆ ಇಳೀತೀನಿ. ನೀರು ಸಿಡಿಯುತ್ತೆ. ದಿನಾ ಹೆದರ್ಕೊಂಡೇ ಇರ್ತೀರಾ?"

"ಇರ್ತೀನಿ."

"ನನ್ನ ಜೊತೆ?"

"ನಿಮ್ಮ ಮನೇಲೇ," ಎಂದಳು ಮಿನೋರಿ. ಹೇಳಿದ ಮೇಲೆ, ಹೇಳಿದ್ದೇನೆಂದು ಹೊಳೆದು, ಕಿವಿಯವರೆಗೂ ಕೆಂಪಾದಳು.