ಏಳನೇ ತಿಂಗಳ ಮೌನ

"ಅದು ನಮ್ಮ ಕಲ್ಲಂಗಡಿ."

ಲೀಯುನ್ ಸೊಂಟದ ಮೇಲೆ ಕೈಯಿಟ್ಟು ಹೊಳೆಯ ನಡುವೆ ನಿಂತಿದ್ದಳು. ಮೊಣಕಾಲವರೆಗೆ ಕೊರೆಯುವ ನೀರು, ಕೆನ್ನೆಯಲ್ಲಿ ಬೆಂಕಿ. ಎದುರಿನ ಬಂಡೆಯ ಮೇಲೆ ಕುಳಿತಿದ್ದ ಯುವಕನ ಗಲ್ಲದಿಂದ ಕೆಂಪು ರಸ ತೊಟ್ಟಿಕ್ಕುತ್ತಿತ್ತು. ಪಕ್ಕದಲ್ಲಿ ಒಬ್ಬ ಅಜ್ಜಿ. ಅವರ ಕೈಯಲ್ಲೂ ಒಂದು ಹೋಳು.

"ನಿಮ್ದಾ? ಹೊಳೇಲಿ ತೇಲ್ಕೊಂಡು ಬಂತು," ಎಂದ ಅವನು.

"ತಣ್ಣಗಾಗ್ಲಿ ಅಂತ ನಾವು ಬಲೇಲಿ ಕಟ್ಟಿ ನೀರಿಗೆ ಬಿಟ್ಟಿದ್ದು. ಬಲೆ ಸಮೇತ ತೇಲ್ಕೊಂಡು ಬಂದ್ರೆ ದೇವ್ರೇ ಕಳ್ಸಿದ್ದು ಅನ್ಕೊಂಡ್ರಾ?"

"ನಾನಲ್ಲ, ಅಜ್ಜಿ ಹಾಗಂದ್ರು."

ಅಜ್ಜಿ ಬೀಜ ಉಗುಳಿದರು. "ಸುಳ್ಳು. ಚಾಕು ಹಾಕಿದ್ದು ಇವ್ನೇ."

ಲೀಯುನ್‌ಗೆ ನಗು ಬಂತು. ಹಲ್ಲು ಕಚ್ಚಿ ತಡೆದುಕೊಂಡಳು. "ಉಳಿದಿದ್ದಾದ್ರೂ ಕೊಡಿ..."

ಉಳಿದ ಅರ್ಧವನ್ನು ಅವನೇ ಹೊತ್ತು ತಂದು ಅವಳ ಅಪ್ಪನ ಮುಂದೆ ತಲೆತಗ್ಗಿಸಿ ನಿಂತ. ಅಪ್ಪ ಬಾರದ ಕೋಪವನ್ನು ಬರಿಸಿಕೊಳ್ಳಲು ನೋಡಿ ಸೋತರು. ಕೊನೆಗೆ ಅಜ್ಜಿ ಮೊಮ್ಮಗ ಇಬ್ಬರನ್ನೂ ತಮ್ಮ ಚಾಪೆಯ ಮೇಲೆ ಕೂರಿಸಿಕೊಂಡು ಅನ್ನದುಂಡೆ ಕೊಟ್ಟರು.

ಅವನ ಹೆಸರು ಗ್ವಾಂಗ್‌ಜೆ. ದ್ವೀಪದ ಕಡಲಂಚಿನ ಸೂಆವ್ ಪೇಟೆಯಲ್ಲಿ ಅಜ್ಜಿಯ ಜೊತೆ ಐಸ್ ತುರಿದು ಮಾರುವ ಪುಟ್ಟ ಅಂಗಡಿ. ಅಜ್ಜಿ ಬಿಟ್ಟರೆ ಅವನಿಗೆ ಬೇರೆ ಯಾರೂ ಇರಲಿಲ್ಲ.

ಜೇಬಿನಲ್ಲಿ ಫೋನ್ ಇಲ್ಲದ ಕಾಲ ಅದು. ಯಾರನ್ನಾದರೂ ನೋಡಬೇಕೆಂದರೆ ಅವರಿರುವಲ್ಲಿಗೇ ಹೋಗಬೇಕಿತ್ತು. ಅದಕ್ಕೇ ಇರಬೇಕು, ಆ ಬೇಸಿಗೆಯ ಒಂದೊಂದು ಭಾನುವಾರವೂ ಅಷ್ಟು ಉದ್ದವಾಗಿತ್ತು.

ಚರ್ಚ್ ಮುಗಿಯುತ್ತಿದ್ದಂತೆ ಅಪ್ಪನ ನೀಲಿ ಲಾರಿ ಹೊರಡುತ್ತಿತ್ತು. ಹಿಂದೆ ಚಾಪೆ, ಬುತ್ತಿ, ಅಮ್ಮ, ಲೀಯುನ್, ಅವಳ ಗೆಳತಿ ಸೂಛಿನ್. ಮೀನಿನ ಬಂದರಿನ ತಿರುವಿನಲ್ಲಿ ಅಜ್ಜಿ ಮೊಮ್ಮಗ ಹತ್ತಿಕೊಳ್ಳುತ್ತಿದ್ದರು. ಒಂದು ವಾರ ಸಮುದ್ರ ತೀರ, ಇನ್ನೊಂದು ವಾರ ಬೆಟ್ಟದ ಬುಡದ ಹೊಳೆ. ಅಮ್ಮ ಚರ್ಚಿನ ಹಾಡು ಶುರುಮಾಡಿದರೆ ಅಜ್ಜಿ ಅದಕ್ಕೆ ನಾಟಕದ ಹಾಡಿನ ರಾಗ ಸೇರಿಸುತ್ತಿದ್ದರು. ಗಾಳಿಗೆ ಎಲ್ಲರ ಕೂದಲೂ ಹುಲ್ಲಿನ ಬಣವೆಯಾಗುತ್ತಿತ್ತು.

ನಾಲ್ಕನೆಯ ಭಾನುವಾರ ಲಾರಿಯಿಂದ ಇಳಿಯುವಾಗ ಗ್ವಾಂಗ್‌ಜೆ ಅವಳ ಕೈ ಹಿಡಿದ. ಇಳಿದ ಮೇಲೂ ಸ್ವಲ್ಪ ಹೊತ್ತು ಬಿಡಲಿಲ್ಲ.

"ಮುಂದಿನ ವಾರ ನಿಂಗೊಂದು ವಿಷ್ಯ ಹೇಳ್ಬೇಕು, ಲೀಯುನ್..."

ಮೊದಲ ಸಲ 'ನೀನು' ಎಂದಿದ್ದ. ಆ ವಾರವಿಡೀ ಅವಳಿಗೆ ಅನ್ನ ರುಚಿಸಲಿಲ್ಲ, ನಿದ್ದೆಯೂ ಬರಲಿಲ್ಲ. ಆದರೂ ಅಷ್ಟು ಸುಖವಾಗಿ ಅವಳು ಎಂದೂ ಇದ್ದಿರಲಿಲ್ಲ.

ಮುಂದಿನ ಭಾನುವಾರ ಬಂದರಿನ ತಿರುವಿನಲ್ಲಿ ಯಾರೂ ಇರಲಿಲ್ಲ.

ಅದರ ಮುಂದಿನ ಮಂಗಳವಾರ ಅವನು ಪೇಟೆಯಲ್ಲಿ ಎದುರಾದ. ಅವಳನ್ನು ಕಂಡು ಬಾಯಿ ತೆರೆದವನು ಹೆಸರು ಹಿಡಿದು ಕರೆಯಲಿಲ್ಲ. ಸುಮ್ಮನೆ ಕೆಮ್ಮಿ, ತರಕಾರಿ ಬುಟ್ಟಿಗಳ ಹಿಂದೆ ಮರೆಯಾದ.

'ನಾನೇನು ತಪ್ಪು ಮಾಡಿದೆ?'

"ಬೇರೆ ಯಾರನ್ನೋ ನೋಡ್ಕೊಂಡಿರ್ಬೇಕು ಕಣೇ," ಎಂದಳು ಸೂಛಿನ್. ಗೆಳತಿಯರಿಗೆ ಇಂಥ ಮಾತು ಬಾಯಿ ತುದಿಯಲ್ಲೇ ಇರುತ್ತದೆ.

ಊರಿನಲ್ಲಿ ಆಗಲೇ ಏಳನೇ ಚಾಂದ್ರಮಾಸ ಶುರುವಾಗಿತ್ತು. ಪಾತಾಳದ ಬಾಗಿಲು ತೆರೆದು, ದಿಕ್ಕಿಲ್ಲದ ಪ್ರೇತಗಳೆಲ್ಲ ಹಸಿದು ಊರಿಗೆ ಬರುವ ತಿಂಗಳು. ಚರ್ಚಿಗೆ ಹೋಗುವ ಮನೆಯ ಲೀಯುನ್‌ಗೆ ಅದು ಪಕ್ಕದ ಮನೆಗಳ ಊದುಬತ್ತಿಯ ವಾಸನೆ, ಅಷ್ಟೇ. ಆ ತಿಂಗಳು ಮದುವೆ ಮಾಡುವುದಿಲ್ಲ, ನೀರಿಗೆ ಇಳಿಯುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಪ್ರೀತಿಯ ಬಾಯಿಗೂ ಬೀಗ ಬೀಳುತ್ತದೆಂದು ಯಾರು ಹೇಳಿದ್ದರು?

ಅಷ್ಟರಲ್ಲಿ ದ್ವೀಪದ ಇನ್ನೊಂದು ತುದಿಯ ಕಾವೋಶಿಯುಂಗ್‌ನಿಂದ ಅತ್ತೆಯ ಕಾಗದ ಬಂತು. ಅಲ್ಲಿನ ಶಿಶುವಿಹಾರದಲ್ಲಿ ಟೀಚರ್ ಕೆಲಸ ಸಿದ್ಧವಿದೆ, ಬರುತ್ತೀಯೋ ಇಲ್ಲವೋ ಸೋಮವಾರದೊಳಗೆ ತಿಳಿಸು ಎಂದು.

ಲೀಯುನ್ ಕಾಗದ ಹಿಡಿದು ನೇರ ಐಸ್ ಅಂಗಡಿಗೆ ಹೋದಳು. ಗ್ವಾಂಗ್‌ಜೆ ಐಸ್ ತುರಿದು, ಅವಳಿಗಿಷ್ಟವಾದ ಕೆಂಪು ಕಾಳಿನ ಪಾಕ ಎರಡು ಸೌಟು ಹೆಚ್ಚಿಗೇ ಸುರಿದ.

"ಕಾವೋಶಿಯುಂಗ್‌ನಲ್ಲಿ ಟೀಚರ್ ಕೆಲ್ಸ ಇದೆಯಂತೆ. ಸೋಮವಾರ ಅತ್ತೆಗೆ ಉತ್ತರ ಹೇಳ್ಬೇಕು. ಹೋದ್ರೆ ವರ್ಷಕ್ಕೊಂದ್ಸಲ ಬರ್ತೀನೇನೋ..."

ಅವನ ಕೈ ನಿಂತಿತು. "ಅಷ್ಟು ಬೇಗನಾ?"

"ನಿಂಗೇನಾದ್ರೂ ಹೇಳೋದಿದ್ಯಾ?"

ಅವನು ಅಜ್ಜಿಯ ಕಡೆ ನೋಡಿದ, ನೆಲ ನೋಡಿದ. "ಈಗ... ಏನೂ ಇಲ್ಲ."

ಐಸ್ ಹಾಗೇ ಬಿಟ್ಟು ಅವಳು ಎದ್ದು ನಡೆದಳು. ರಸ್ತೆಯ ತಿರುವಿನವರೆಗೆ ಬಿಗಿಹಿಡಿದಿದ್ದ ಕಣ್ಣೀರು ಅಲ್ಲಿಂದಾಚೆ ಮಾತು ಕೇಳಲಿಲ್ಲ.

ಭಾನುವಾರ ಆ ತಿಂಗಳ ಹುಣ್ಣಿಮೆ. ಹೋಗುವುದೆಂದು ತೀರ್ಮಾನಿಸಿದ ಲೀಯುನ್, ಅಜ್ಜಿಗಾದರೂ ಹೇಳಿ ಬರೋಣವೆಂದು ಮಧ್ಯಾಹ್ನ ಹೊರಟಳು. ರಸ್ತೆಯುದ್ದಕ್ಕೂ ಅಂಗಡಿಗಳ ಮುಂದೆ ಮೇಜು ಹಾಕಿ ಎಡೆ ಬಡಿಸಿದ್ದರು. ಐಸ್ ಅಂಗಡಿಯ ಮುಂದೆ ಅಜ್ಜಿ ಒಬ್ಬರೇ ಬೇಯಿಸಿದ ಕೋಳಿ, ಅನ್ನ, ಹಣ್ಣು ಜೋಡಿಸುತ್ತಿದ್ದರು. ಮೇಜಿನ ಕೆಳಗೆ ಒಂದು ಬೋಗುಣಿ ನೀರು, ಹೊಸ ಟವೆಲು.

"ಇದು ಯಾರಿಗಜ್ಜಿ?"

"ಒಳ್ಳೇ ಅಣ್ತಮ್ಮಂದ್ರಿಗೆ. ದೂರದಿಂದ ಬರ್ತಾರಲ್ಲ, ಕೈಕಾಲು ಮುಖ ತೊಳ್ಕೊಳ್ಳೋಕೆ." ಪ್ರೇತ ಎಂಬ ಮಾತನ್ನು ಅಜ್ಜಿ ಈ ತಿಂಗಳು ಬಾಯಲ್ಲೂ ತರುವುದಿಲ್ಲ. "ಮೊನ್ನೆ ಐಸ್ ಬಿಟ್ಟು ಹೋದ್ಯಲ್ಲ. ಅಂದಿನಿಂದ ಇವ್ನು ಊಟ ಬಿಟ್ಟಿದಾನೆ."

"ಯಾಕಂತೆ? ನನ್ನ ಜೊತೆ ಮಾತೂ ಆಡಲ್ಲ."

ಅಜ್ಜಿ ಒಂದು ಬಟ್ಟಲನ್ನು ಸರಿಮಾಡಿ, ಮತ್ತೆ ಸರಿಮಾಡಿದರು.

"ಆಗ ಇವ್ನಪ್ಪಂಗೂ ಏಳನೇ ತಿಂಗಳಲ್ಲಿ ನಿಶ್ಚಿತಾರ್ಥ ಬೇಡ ಅಂದೆ. ನಕ್ಕು, ಮಾಡ್ಕೊಂಡೇಬಿಟ್ಟ. ಇವ್ನಿಗೆ ಎರಡು ವರ್ಷ ತುಂಬೋಕ್ಮುಂಚೆ ಅವ್ನ ದೋಣಿ ವಾಪಸ್ ಬರ್ಲಿಲ್ಲ... ಅದಕ್ಕೇ ಇವ್ನ ಹತ್ರ ಆಣೆ ಹಾಕಿಸ್ಕೊಂಡೆ. ತಿಂಗಳು ಮುಗಿಯೋವರ್ಗೂ ಯಾವ ಶುಭಾನೂ ಶುರು ಮಾಡ್ಬೇಡ ಅಂತ. ನಿಂಗೆ 'ಕಾಯ್ತಿರು' ಅಂತ ಹೇಳಿದ್ರೂ ಶುರು ಮಾಡ್ದಂಗೇ ಅಂತ ಇವ್ನು ಬಾಯಿ ಹೊಲ್ಕೊಂಡು ಕೂತ."

ಲೀಯುನ್‌ಗೆ ಈಗ ಎಲ್ಲ ಅರ್ಥವಾಯಿತು. 'ನಾನು ಬೇಡವಾಗಿ ಅಲ್ಲ... ಬೇಕಾಗಿಯೇ ಇಷ್ಟು ಹೆದರಿದ.' ಪೆದ್ದ ಎಂದು ಬೈಯಬೇಕೆನಿಸಿತು. ತಬ್ಬಿಕೊಂಡು ಅಳಬೇಕೆಂದೂ ಅನಿಸಿತು.

ಅಷ್ಟರಲ್ಲಿ ಪ್ರೇತಗಳಿಗೆಂದು ಸುಡುವ ಕಾಗದದ ಹಣದ ಕಟ್ಟು ಹೊತ್ತು ಗ್ವಾಂಗ್‌ಜೆ ಬಂದ. ಅವಳನ್ನು ಕಂಡವನೇ ನಿಂತಲ್ಲೇ ನಿಂತ.

"ನೀನೇನೂ ಮಾತಾಡ್ಬೇಡ," ಎಂದಳು ಲೀಯುನ್. "ಆಣೆ ಹಾಕಿರೋದು ನೀನು, ನಾನಲ್ಲ. ನಮ್ಮನೇಲಿ ಒಳ್ಳೆ ಮಾತಿಗೆ ಕೆಟ್ಟ ತಿಂಗಳು ಅಂತ ಇಲ್ಲ. ಅದಕ್ಕೆ ನಾನೇ ಶುರು ಮಾಡ್ತೀನಿ. ನೀನಂದ್ರೆ ನಂಗಿಷ್ಟ, ಗ್ವಾಂಗ್‌ಜೆ. ತುಂಬಾ ಇಷ್ಟ. ಈಗ ಹೇಳು... ನಾನು ಹೋಗ್ಲಾ, ಇರ್ಲಾ?"

ಅವನ ಕಣ್ಣು ಅಜ್ಜಿಯ ಕಡೆ ತಿರುಗಿತು. ಅಜ್ಜಿ ಬೆನ್ನು ತಿರುಗಿಸಿಕೊಂಡು, ಏನೂ ಕೇಳಿಸದವರಂತೆ ಊದುಬತ್ತಿ ಹಚ್ಚುತ್ತಿದ್ದರು. ಕಡ್ಡಿ ಮೂರು ಸಲ ಆರಿತು.

"ಅಜ್ಜೀ..."

"ನನ್ನನ್ಯಾಕೆ ನೋಡ್ತೀಯಾ?" ತಿರುಗದೆಯೇ ಅಂದರು ಅಜ್ಜಿ. "ನೀನು ಶುರು ಮಾಡ್ಬೇಡ ಅಂದೆ. ಕೇಳಿದ್ದಕ್ಕೆ ಉತ್ತರ ಕೊಡ್ಬೇಡ ಅಂದೆನಾ?" ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರು. ಹೊಗೆಯ ನೆಪ ಹೇಗೂ ಇತ್ತು. "ಬಾಗಿಲಿಗೆ ಬಂದೋರನ್ನ ಬರಿಗೈಲಿ ಕಳ್ಸಬಾರ್ದು. ಈ ತಿಂಗಳಂತೂ ಕಳ್ಸಲೇಬಾರ್ದು."

ಕಾಗದದ ಕಟ್ಟು ಕೆಳಗೆ ಬಿತ್ತು.

"ಇರು," ಎಂದ ಗ್ವಾಂಗ್‌ಜೆ.

ಅವಳ ಕಣ್ಣು ತುಂಬಿ ಬಂತು. "ಅಷ್ಟೇನಾ?"

"ಉಳಿದಿದ್ದನ್ನ ನಾನಾಗಿ ಹೇಳೋಕೆ ಇನ್ನೂ ಹದಿನೈದು ದಿನ ಇದೆ..."

"ಅಲ್ಲಿವರ್ಗೆ ನಾನೇನು ಮಾಡ್ಲಿ?"

"ದಿನಾ ಬಾ," ಎಂದ ಅವನು ಮೆಲ್ಲಗೆ. "ನೀನು ಕೇಳ್ತಾ ಇರು. ನಾನು ಉತ್ತರ ಹೇಳ್ತಾ ಇರ್ತೀನಿ."