ಹದಿನೇಳನೇ ಮನೆ

"ಪೆಟ್ಟಿಗೆಗೆ ಏನೂ ಆಗಿಲ್ಲ ಸರ್. ಆಗಿರೋದು ನಿಮಗೆ."

ಅಂದುಬಿಟ್ಟ ಮೇಲೆ ಆಸ್ಮಾ ನಾಲಿಗೆ ಕಚ್ಚಿಕೊಂಡಳು. ಆದರೆ ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಎದುರಿಗಿದ್ದವನು ಕುಣಿಗಲ್ಲಿನ ನಯೀಮ್, ಸಿನಿಮಾ ಸಂಗೀತಗಾರ. ಹಳೇ ಹಾರ್ಮೋನಿಯಂ ಒಂದನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು, ತುಮಕೂರಿನಿಂದ ಬಸ್ಸಿನಲ್ಲಿ ತೊಡೆಯ ಮೇಲೇ ಇಟ್ಟುಕೊಂಡು ಗುಬ್ಬಿಯ ಈ ಹಾರ್ಮೋನಿಯಂ ರಿಪೇರಿ ಅಂಗಡಿಗೆ ಬಂದಿದ್ದ. ಕಣ್ಣು ನೋಡಿದರೆ ನಿದ್ದೆ ಕಂಡು ವಾರವಾದ ಹಾಗಿತ್ತು.

"ಸರಿಯಾಗಿ ನೋಡಿ. ಹನ್ನೆರಡು ದಿನದಿಂದ ಇದರಲ್ಲಿ ಒಂದು ಹಾಡೂ ಹುಟ್ತಿಲ್ಲ" ಅಂದ ಅವನು.

"ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ."

ಇದೂ ಬಾಯಿ ಜಾರಿಯೇ ಬಂದದ್ದು! ಒಳಗೆ ಕೂತಿದ್ದ ಅಬ್ಬಾ ರಹಮತ್ ಉಲ್ಲಾ ಕೆಮ್ಮಿ ಎಚ್ಚರಿಸಿದರು. ನಯೀಮ್ ಅವಳನ್ನೇ ನೋಡಿದ. ಸಿಟ್ಟು ಬರುತ್ತದೆ ಅಂತ ಕಾದಿದ್ದವಳಿಗೆ ಕಂಡದ್ದು ನಗು. ಹನ್ನೆರಡು ದಿನದಲ್ಲಿ ಅವನು ನಕ್ಕದ್ದು ಅದೇ ಮೊದಲು ಅಂತ ಅವಳಿಗೆ ಆಮೇಲೆ ತಿಳಿಯಿತು.

ಅದು 1998.

ಅವನು ಸಂಗೀತ ಮಾಡುತ್ತಿದ್ದ ಸಿನಿಮಾ ಶುರುವಿನಿಂದ ಕೊನೆಯವರೆಗೆ ಹಾಡಿನಲ್ಲೇ ನಡೆಯುವಂಥದ್ದು. ನಾಟಕ ಕಂಪನಿಯ ಸಂಗೀತದ ಮೇಷ್ಟ್ರೊಬ್ಬನಿಗೆ ಇದ್ದಕ್ಕಿದ್ದಂತೆ ರಾಗ ಹುಟ್ಟುವುದು ನಿಂತುಹೋಗುತ್ತದೆ. ಕಟ್ಟಕಡೆಗೆ ಒಂದೇ ಒಂದು ಹಾಡು ದಕ್ಕುತ್ತದೆ. ಕಥೆ ಇಷ್ಟೇ. ನಿರ್ಮಾಪಕ ಚನ್ನವೀರಯ್ಯನವರು ತುಮಕೂರಿನ ಹತ್ತಿರ ಸತ್ಯಮಂಗಲದ ಮುಚ್ಚಿದ ಫ್ಯಾಕ್ಟರಿ ಶೆಡ್ಡಿನಲ್ಲಿ ಸೆಟ್ ಹಾಕಿಸಿದ್ದರು. ಏಳು ಹಾಡು ನೀರು ಕುಡಿದಷ್ಟು ಸಲೀಸಾಗಿ ಬಂದವು. ಆ ಎಂಟನೆಯದು, ಮೇಷ್ಟ್ರಿಗೆ ದಕ್ಕಬೇಕಾದ ಹಾಡು, ನಯೀಮನಿಗೆ ದಕ್ಕಲಿಲ್ಲ. ಕಥೆಯಲ್ಲಿ ಮೇಷ್ಟ್ರಿಗೆ ಆದದ್ದೇ ಅವನಿಗೂ ಆಗಿತ್ತು.

ಆಸ್ಮಾ ಅವನನ್ನು ನಗಿಸಿದ ಆ ದಿನದಿಂದ ಅವನ ಹಾರ್ಮೋನಿಯಂಗೆ ಇಲ್ಲದ ಕಾಯಿಲೆಗಳು ಬಂದವು. ಒಂದು ದಿನ ಮೊಳೆ ಸಡಿಲ, ಇನ್ನೊಂದು ದಿನ ಮನೆ, ಅಂದರೆ ಬೆರಳಿಡುವ ಪಟ್ಟಿ, ಒತ್ತಿದರೆ ಏಳುತ್ತಿಲ್ಲ. ಇಷ್ಟು ಸೂಕ್ಷ್ಮ ದೇಹದ ಪೆಟ್ಟಿಗೆಯನ್ನು ತಾವು ಜನ್ಮದಲ್ಲೇ ಕಂಡಿಲ್ಲ ಅಂತ ಅಬ್ಬಾ ಗಡ್ಡದೊಳಗೇ ನಗುತ್ತಿದ್ದರು.

ಅಂಗಡಿಯ ಗುಟ್ಟೊಂದು ಅವನಿಗೆ ಮೊದಲ ದಿನವೇ ಗೊತ್ತಾಗಿತ್ತು. ಎರಡು ವರ್ಷದಿಂದ ಅಬ್ಬಾನ ಕೈ ನಡುಗುತ್ತಿತ್ತು. ಸ್ವರ ಹೊರಡಿಸುವ ಹಿತ್ತಾಳೆ ರೀಡುಗಳನ್ನು ಅರದಿಂದ ಕೆರೆದು ಶ್ರುತಿ ಕೂಡಿಸುತ್ತಿದ್ದವಳು ಆಸ್ಮಾ. ಇಪ್ಪತ್ತಮೂರರ ಹುಡುಗಿ ತಮ್ಮ ಪೆಟ್ಟಿಗೆಗೆ ಅರ ಹಾಕುತ್ತಾಳೆ ಅಂತ ಗೊತ್ತಾದರೆ ನಾಟಕದ ಮೇಷ್ಟ್ರುಗಳು ಅಂಗಡಿ ಹತ್ತುತ್ತಿರಲಿಲ್ಲ. ನಯೀಮ್ ಆ ಗುಟ್ಟನ್ನು ಎಲ್ಲೂ ಆಡಲಿಲ್ಲ. ಅವಳಿಗೆ ಅವನು ಇಷ್ಟವಾಗಲು ಅಷ್ಟೇ ಸಾಕಾಯಿತು.

ಇಬ್ಬರ ಮನೆಮಾತೂ ಉರ್ದು. ಆದರೆ ಪೆಟ್ಟಿಗೆ ಮುಂದೆ ಕೂತಾಗ ಇಬ್ಬರಿಗೂ ಕನ್ನಡವೇ ಬರುತ್ತಿತ್ತು, ಹಾಡು ಆ ಭಾಷೆಯದ್ದಲ್ಲವೇ!

"ಅಮ್ಮಿ ಅಡುಗೆಮನೇಲಿ ಹಾಡೋರು, ನಾನು ಹೊಸಲ ಮೇಲೆ ಕೂತು ಇದನ್ನ ನುಡಿಸ್ತಿದ್ದೆ" ಅಂದಿದ್ದ ಒಂದು ಮಧ್ಯಾಹ್ನ. ತಾಯಿ ರಝಿಯಾ ತೀರಿಕೊಂಡು ಆರು ವರ್ಷವಾಗಿತ್ತು. "ಈಗ್ಲೂ ಇದರ ಮೇಲೆ ಬೆರಳಿಟ್ರೆ ಅವರ ದನಿ ಕೇಳತ್ತೆ ಆಸ್ಮಾ."

ಆ ಮಧ್ಯಾಹ್ನವೇ ಎಂಟನೇ ಹಾಡಿನ ಪಲ್ಲವಿ ಹುಟ್ಟಿತು. ಅವನ ಬೆರಳು ಒಂದೇ ಒಂದು ಮನೆಯ ಮೇಲೆ ಹೋಗಿ ಹೋಗಿ ನಿಲ್ಲುತ್ತಿತ್ತು. ಆಸ್ಮಾಳ ಎದೆ ತುಂಬಿ ಬಂತು. *ಯಾ ಅಲ್ಲಾ, ಈ ಹಾಡು ಪೂರ್ತಿ ಆಗ್ಲಿ...* ಅಂತ ಅವಳು ಬೇಡಿಕೊಂಡಳು.

ರಿಹರ್ಸಲಿಗೆ ನಾಲ್ಕು ದಿನವಿರುವಾಗ ಪೆಟ್ಟಿಗೆಯ ತಿದಿ ನಿಜವಾಗಿಯೇ ಹರಿಯಿತು. ಅವನು ಅದನ್ನು ಅಂಗಡಿಯಲ್ಲಿ ಬಿಟ್ಟುಹೋದ.

ಅಂಗಡಿಗೆ ಅಬ್ಬಾ ಮಾಡಿದ ನಿಯಮ ಎರಡು. ಶ್ರುತಿ ತಪ್ಪಿದ ಪೆಟ್ಟಿಗೆ ಮೆಟ್ಟಿಲು ಇಳೀಬಾರದು. ಪೆಟ್ಟಿಗೆಯ ಯಜಮಾನನನ್ನು ಕೇಳದೆ ರೀಡಿಗೆ ಅರ ಹಾಕಬಾರದು, ಯಾಕೆಂದರೆ ಕೆರೆದ ಹಿತ್ತಾಳೆ ಮತ್ತೆ ಅಂಟಿಕೊಳ್ಳುವುದಿಲ್ಲ.

ತಿದಿ ಹೊಲಿದು ಒಂದೊಂದೇ ಮನೆ ಒತ್ತಿ ನೋಡುತ್ತಿದ್ದವಳಿಗೆ ಹದಿನೇಳನೆಯದು ಕೂದಲೆಳೆಯಷ್ಟು ಇಳಿದಿರುವುದು ಕೇಳಿಸಿತು. ಕೀಬೋರ್ಡಿನ ಜೊತೆ ನಿನ್ನ ಡಬ್ಬ ಕೂಡಲ್ಲ ಅಂತ ವಾದ್ಯದವರು ನಯೀಮನನ್ನು ಆಡಿಕೊಳ್ಳುತ್ತಿದ್ದದ್ದು ಅವಳಿಗೆ ನೆನಪಿತ್ತು. *ಕೇಳೋದೇನು, ಅವರಿಗೆ ಖುಷಿಯಾಗತ್ತೆ...* ಮೊದಲ ನಿಯಮವನ್ನು ಪಾಲಿಸಿದಳು, ಎರಡನೆಯದನ್ನು ಮುರಿದಳು. ಪ್ರೀತಿಯಿಂದಲೇ ಮುರಿದಳು. ಅರದ ನಾಲ್ಕೆಳೆತಕ್ಕೆ ಸ್ವರ ಏರಿ ನೆಟ್ಟಗಾಯಿತು.

ರಿಹರ್ಸಲ್ ತುಮಕೂರಿನ ಶೆಟ್ಟಿಹಳ್ಳಿಯ ಮನೆಯೊಂದರಲ್ಲಿ. ಅಬ್ಬಾನ ಜೊತೆ ಆಸ್ಮಾಳೂ ಹೋಗಿ ಬಾಗಿಲ ಹತ್ತಿರ ಕೂತಳು.

ನಯೀಮ್ ಪಲ್ಲವಿ ಶುರು ಮಾಡಿ ನಿಲ್ಲಿಸಿದ. ಮತ್ತೆ ಶುರು ಮಾಡಿದ, ಮತ್ತೆ ನಿಲ್ಲಿಸಿದ. ಕೀಬೋರ್ಡಿನವನು ಇವತ್ತು ಶ್ರುತಿ ಅಚ್ಚುಕಟ್ಟಾಗಿ ಕೂತಿದೆ ಅಂತ ಹೊಗಳಿದ. ನಯೀಮನ ಮುಖ ಬಿಳಿಚಿಕೊಂಡಿತು. ಇದಲ್ಲ, ಎಲ್ಲೋ ತಪ್ಪಿದೆ ಅಂತ ಅವನು ಒಂದು ಗಂಟೆ ಗೋಗರೆದ. ಎಲ್ಲಾ ಸರಿಯಾಗಿದೆ ಅಂತ ಎಂಟು ಜನ ಒಂದೇ ಮಾತು ಹೇಳಿದರು. ಚನ್ನವೀರಯ್ಯನವರು ಗಡಿಯಾರ ನೋಡಿಕೊಂಡರು.

ಅವನು ಬಾಗಿಲ ಕಡೆ ತಿರುಗಿದ.

"ಆಸ್ಮಾ, ಪೆಟ್ಟಿಗೇಲಿ ಏನಾದ್ರೂ ಮುಟ್ಟಿದ್ರಾ?"

ಇಡೀ ಕೋಣೆ ಅವಳ ಕಡೆ ನೋಡಿತು. ಹೌದು ಅಂದರೆ ಅಬ್ಬಾನ ನಲವತ್ತು ವರ್ಷದ ಹೆಸರು ಅಲ್ಲೇ ಬೀಳುತ್ತಿತ್ತು. *ಆಮೇಲೆ ಒಬ್ಬರೇ ಸಿಕ್ಕಾಗ ಹೇಳ್ತೀನಿ...*

"ಇಲ್ಲ. ಅಬ್ಬಾ ತಿದಿ ಮಾತ್ರ ಹೊಲಿದ್ರು."

ಆ ಆಮೇಲೆ ಬರಲೇ ಇಲ್ಲ. ಅವನು ಪೆಟ್ಟಿಗೆಯನ್ನು ಬೆಡ್‌ಶೀಟಿನಲ್ಲಿ ಕಟ್ಟಿಕೊಂಡು ಅಂದೇ ಕುಣಿಗಲ್ ಬಸ್ಸು ಹತ್ತಿದ. ವಾರದ ಮೇಲೆ ಒಂದು ಕಾರ್ಡು ಬಂತು.

"ನಿಮ್ಮ ಮಾತೇ ನಿಜ. ಪೆಟ್ಟಿಗೆಗೆ ಏನೂ ಆಗಿಲ್ಲ. ಎಲ್ಲರಿಗೂ ಸರಿ ಕೇಳುವುದು ನನಗೊಬ್ಬನಿಗೆ ತಪ್ಪು ಕೇಳುತ್ತಿದೆ. ನನ್ನ ಕಿವಿ ಹೋಯಿತು ಆಸ್ಮಾ."

ಎಷ್ಟು ಸಲ ಉತ್ತರ ಬರೆದಳೋ, ಅಷ್ಟೂ ಸಲ ಹರಿದಳು. ನಾಲ್ಕು ಸಾಲಿನ ನಿಜ ಅವಳ ಕೈಯಲ್ಲಿ ಆಗಲಿಲ್ಲ. ದಿನ ಕಳೆದಷ್ಟೂ ಹೇಳುವುದು ಕಷ್ಟವಾಯಿತು. ಉತ್ತರ ಕಾಣದ ನಯೀಮ್, ಹಾಡು ಬರದವನನ್ನು ಅವಳೂ ಕೈಬಿಟ್ಟಳು ಅಂದುಕೊಂಡ.

ಕೊನೇ ಹಾಡನ್ನು ಬೇರೆ ಯಾರೋ ಹೊಸೆದುಕೊಟ್ಟರು. ಸಿನಿಮಾ ತುಮಕೂರಿನಲ್ಲಿ ಒಂಬತ್ತು ದಿನ ಓಡಿತು. ಆಸ್ಮಾ ಹೋಗಿ ನೋಡಿದಳು. ಮೇಷ್ಟ್ರಿಗೆ ಹಾಡು ದಕ್ಕುವ ಜಾಗದಲ್ಲಿ ಹಿಂದಿನ ಸಾಲಿನವರು ಎದ್ದು ಚಪ್ಪಲಿ ಹುಡುಕುತ್ತಿದ್ದರು. ಅವಳು ದುಪಟ್ಟಾ ಬಾಯಿಗೆ ಒತ್ತಿಕೊಂಡು ಅತ್ತಳು.

ಮೂರು ವರ್ಷ ಕಳೆಯಿತು. ಬಂದ ಗಂಡುಗಳನ್ನೆಲ್ಲ ಅವಳು ಬೇಡ ಅಂದಳು. ಅಬ್ಬಾ ಹಾಸಿಗೆ ಹಿಡಿದರು. ಒಂದು ಬೆಳಿಗ್ಗೆ ಗಂಜಿ ಕುಡಿಸುತ್ತಿದ್ದಾಗ ಅವಳ ಮಣಿಕಟ್ಟು ಹಿಡಿದುಕೊಂಡರು.

"ಆ ಹುಡುಗನ ಪೆಟ್ಟಿಗೆ... ಹದಿನೇಳನೇ ಮನೆ. ಅವನನ್ನ ಕೇಳಿ ಅರ ಹಾಕಿದ್ಯಾ ಬೇಟಿ?"

ಅವಳು ಚಮಚವನ್ನು ಬಟ್ಟಲಿಗೆ ಇಟ್ಟಳು. ಸ್ವರ ಏರಿದ್ದು ಅಬ್ಬಾಗೆ ರಿಹರ್ಸಲಿನಲ್ಲೇ ಕೇಳಿಸಿತ್ತು. ತಮ್ಮ ಹೆಸರು ಉಳಿಸಲು ಮಗಳು ಸುಳ್ಳಾಡಿದ್ದು ಗೊತ್ತಾಗಿ, ಅವರೂ ಬಾಯಿ ಮುಚ್ಚಿಕೊಂಡಿದ್ದರು. ನಾನೂ ಪಾಪ ಮಾಡಿದೆ, ನೀನು ಹೋಗಿ ಹೇಳಿಬಿಡು ಅಂದರು.

ಅಬ್ಬಾ ತೀರಿಕೊಂಡು ನಲವತ್ತು ದಿನ ಮುಗಿದ ಮಾರನೇ ಬೆಳಿಗ್ಗೆ ಆಸ್ಮಾ ಅರ, ಸ್ಕ್ರೂಡ್ರೈವರ್ ಚೀಲಕ್ಕೆ ಹಾಕಿಕೊಂಡು ಕುಣಿಗಲ್ಲಿಗೆ ಹೊರಟಳು.

ನಯೀಮ್ ಅಣ್ಣನ ಸೈಕಲ್ ಶಾಪಿನಲ್ಲಿ ಕೂತು ಚಕ್ರದ ಬೆಂಡು ತೆಗೆಯುತ್ತಿದ್ದ. ಬೆರಳ ತುಂಬಾ ಗ್ರೀಸು. ಅವಳನ್ನು ನೋಡಿ ಎದ್ದು ನಿಂತ.

"ಆವತ್ತು ಗಾದೆ ಹೇಳಿ ನಿಮ್ಮನ್ನ ನಗಿಸಿದ್ದೆ" ಅಂದಳು ಆಸ್ಮಾ. "ನೆಲ ನಿಜವಾಗ್ಲೂ ಡೊಂಕಾಗೇ ಇತ್ತು ನಯೀಮ್. ಆ ಡೊಂಕಿನ ಮೇಲೇ ನೀವು ಕುಣೀತಿದ್ರಿ. ನಾನು ಹೋಗಿ ಅದನ್ನ ಸಮ ಮಾಡ್ಬಿಟ್ಟೆ. ನಿಮ್ಮ ಬೆರಳು ಹೋಗಿ ಹೋಗಿ ನಿಲ್ತಿದ್ದ ಹದಿನೇಳನೇ ಮನೆ ಇಳಿದಿತ್ತು. ಕೇಳದೆ ಅರ ಹಾಕ್ದೆ... ಆಮೇಲೆ ಎಲ್ಲರ ಮುಂದೆ ಸುಳ್ಳು ಹೇಳ್ದೆ. ನಿಮ್ಮ ಕಿವಿಗೆ ಏನೂ ಆಗಿಲ್ಲ."

ಚಕ್ರ ಅವನ ಕೈಯಲ್ಲಿ ಸುತ್ತಿ ಸುತ್ತಿ ತಾನೇ ನಿಂತಿತು.

"ಮೂರು ವರ್ಷ. ಮೂರು ವರ್ಷ ನಾನು ಹುಚ್ಚ ಅಂದ್ಕೊಂಡು ಬದುಕಿದೀನಿ ಆಸ್ಮಾ."

ಅವಳು ತಲೆ ತಗ್ಗಿಸಿದಳು. ಬೈದಿದ್ದರೆ ಹಗುರಾಗುತ್ತಿದ್ದಳು, ಅವನು ಬೈಯಲಿಲ್ಲ. ಒಳಗೆ ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. *ಮುಗೀತು* ಅಂದುಕೊಂಡು ಅವಳು ಚೀಲ ಎತ್ತಿಕೊಂಡಳು. ಆಗ ಕೈ ತೊಳೆದುಕೊಂಡು ಬಂದ. ತೋಳಲ್ಲಿ ಹಾರ್ಮೋನಿಯಂ ಇತ್ತು, ಅದೇ ಬೆಡ್‌ಶೀಟು.

"ಹಳೇ ಜಾಗಕ್ಕೆ ಬರತ್ತಾ?"

"ಗೊತ್ತಿಲ್ಲ. ಬುಡದಲ್ಲಿ ಕೆರೆದ್ರೆ ಸ್ವರ ಇಳಿಯತ್ತೆ. ಆದ್ರೆ ರೀಡು ಮೊದಲೇ ಸವೆದಿದೆ, ಒಂದೆಳೆತ ಜಾಸ್ತಿ ಆದ್ರೆ ಮುರಿಯತ್ತೆ." ಅವಳು ಅರ ಹಿಡಿದು ಅವನ ಮುಖ ನೋಡಿದಳು. "ಈ ಸಲ ಕೇಳ್ತಿದೀನಿ. ಹಾಕ್ಲಾ?"

ಅವನು ಬೆಡ್‌ಶೀಟು ಬಿಚ್ಚಿ ಪೆಟ್ಟಿಗೆಯನ್ನು ಅವಳ ಮುಂದಿಟ್ಟ.

"ಹಾಕಿ."

ಒಂದೆಳೆತ. ಅವನು ಮನೆ ಒತ್ತಿ, ಇನ್ನೂ ಇಳೀಬೇಕು ಅಂತ ತಲೆಯಾಡಿಸಿದ. ಅವಳು ಮತ್ತೆ ಕೇಳಿದಳು, ಮತ್ತೊಂದೆಳೆತ. ಹೀಗೆ ಆರು ಸಲ, ಆರು ಸಲವೂ ಕೇಳಿಯೇ ಹಾಕಿದಳು. ಆರನೆಯದಕ್ಕೆ ಅವನ ಬೆರಳು ಮನೆಯ ಮೇಲೇ ಉಳಿಯಿತು.

"ಇದು ಅಮ್ಮಿ ದನಿ ಅಲ್ಲ."

ಆಸ್ಮಾ ಅರವನ್ನು ಕೆಳಗಿಟ್ಟಳು. ಅವನು ಬೆರಳು ತೆಗೆಯಲಿಲ್ಲ. ಮೆಲ್ಲಗೆ ಹಳೇ ಪಲ್ಲವಿ ನುಡಿಸಿದ. ಮೂರು ವರ್ಷದ ಹಿಂದೆ ನಿಂತ ಕಡೆ ಬಂದು ಒಂದು ಕ್ಷಣ ತಡೆದ, ಆಮೇಲೆ ದಾಟಿದ. ಅಲ್ಲಿಂದ ಮುಂದಿನ ಸಾಲು ಬಂತು, ಅದರ ಮುಂದಿನದೂ ಬಂತು. ಈ ಹಾಡಿಗೆ ಈಗ ಸಿನಿಮಾ ಇರಲಿಲ್ಲ, ಕಾಯುವ ನಿರ್ಮಾಪಕರೂ ಇರಲಿಲ್ಲ. ಪಂಕ್ಚರ್ ಹಾಕಿಸಲು ಬಂದವನೊಬ್ಬ ಸೈಕಲ್ ಹಿಡಿದು ಬೀದಿಯಲ್ಲೇ ನಿಂತ.

ಹಾಡು ಮುಗಿದಾಗ ಇಬ್ಬರ ಕಣ್ಣೂ ಒದ್ದೆಯಾಗಿದ್ದವು.

"ಅಮ್ಮಿದಲ್ದಿದ್ರೆ ಯಾರ ದನಿ ಅದು?" ಅವಳು ಕೇಳಿದಳು.

"ನೀವು ಅರ ಹಾಕ್ಲಾ ಅಂತ ಕೇಳಿದ್ರಲ್ಲ... ಆ ದನಿ."

ಅವನು ತಿದಿ ಮುಚ್ಚಿ ಕೊಕ್ಕೆ ಹಾಕಿದ.

"ಕೇಳದೆ ಏನೂ ಮಾಡಬಾರದು ಅನ್ನೋದು ನಿಮ್ಮ ಅಂಗಡಿ ನಿಯಮ ಅಲ್ವಾ? ಅದಕ್ಕೇ ನಾನೂ ಕೇಳ್ತಿದೀನಿ. ನಿಮ್ಮ ಜೊತೆ ಬರ್ಲಾ?"

ಆಸ್ಮಾ ಅರ ಎತ್ತಿ ಚೀಲದಲ್ಲಿಟ್ಟು ಕಣ್ಣೊರೆಸಿಕೊಂಡಳು.

"ಬನ್ನಿ."