ಹಸಿ ಮೆರುಗಿಗೆ ಕೂತ ನೊಣ

ಬೆಟ್ಟಗಳು ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ, ಹೊಂಬಣ್ಣಪುರವೆಂಬ ರಾಜ್ಯದಲ್ಲಿ, ಕಿನ್ನರಿಯೆಂಬ ತಂತಿವಾದ್ಯ ಮಾಡುವ ಸಿಂಗಣ್ಣನೂ ಅವನ ತಂಗಿ ದೇವೀರಿಯೂ ಇದ್ದರು. ಅಣ್ಣ ಮರ ಕೊರೆದು ಕಿನ್ನರಿಯ ಒಡಲು ಮಾಡುತ್ತಿದ್ದ, ತಂತಿ ಕಟ್ಟುತ್ತಿದ್ದ. ತಂಗಿ ಕರಗಿಸಿದ ಅರಗನ್ನು ಊದುಗೊಳವೆಯಿಂದ ತೆಳ್ಳಗೆ ಸಿಂಪಡಿಸಿ ಒಡಲಿಗೆ ಮೆರುಗು ಕೊಡುತ್ತಿದ್ದಳು. ಕೈ ಚಿನ್ನದಂಥದ್ದು, ತಾಳ್ಮೆ ಮಾತ್ರ ಸಾಸಿವೆಯಷ್ಟು. ಒಣಗಿತೋ ಇಲ್ಲವೋ ಎಂದು ಹೆಬ್ಬೆಟ್ಟು ಒತ್ತದೆ ಇರಲಾರಳು! ಹಾಗಾಗಿ ಆ ರಾಜ್ಯದ ಒಂದೊಂದು ಕಿನ್ನರಿಯ ಮೇಲೂ ದೇವೀರಿಯ ಹೆಬ್ಬೆಟ್ಟಿನ ಗುರುತಿತ್ತು.

"ಹಸಿ ಮೆರುಗಿಗೆ ಕೈ ಹಾಕಬೇಡ ತಂಗೀ. ಏನು ಬಿದ್ದರೂ ಒಣಗಲಿ, ಆಮೇಲೆ ಉಜ್ಜಿದರಾಯಿತು" ಎಂದು ಹೇಳಿ ಹೇಳಿ ಸಿಂಗಣ್ಣನ ಬಾಯಿ ಸೋತಿತ್ತು.

ಒಂದು ದಿನ ಬೂದುಗಣ್ಣನೆಂಬ ಮಾಂತ್ರಿಕ ಬಂದ. ಧೂಳೇ ಅವನ ಬಲ. ಕಿನ್ನರಿ ನುಡಿದರೆ ಧೂಳು ಎದ್ದು ಓಡುತ್ತಿತ್ತು, ಅದೇ ಅವನ ಹೊಟ್ಟೆಯುರಿ. ರಾಜ್ಯದ ಕಿನ್ನರಿಗಳನ್ನೆಲ್ಲ ಬೂದಿ ಮಾಡಿದ. ಸಿಂಗಣ್ಣನನ್ನು ನಿಂತಲ್ಲೇ ಕಲ್ಲು ಮಾಡಿದ. ದೇವೀರಿ ಅತ್ತಳು, ಬೈದಳು, ಕೊನೆಗೆ ಕಾಲಿಗೂ ಬಿದ್ದಳು.

ಮಾಂತ್ರಿಕ ನಕ್ಕ. "ಇನ್ನೊಂದೇ ಒಡಲು ಉಳಿದಿದೆ. ಮೂರು ಸಲ ಅರಗು ಊದು. ಕಲೆಯಿಲ್ಲದೆ ಹೊಳೆದರೆ ನಿನ್ನ ಅಣ್ಣ ಏಳುತ್ತಾನೆ. ಕಲೆ ಕಂಡರೆ ನೀನೂ ಕಲ್ಲು!"

ದೇವೀರಿ ಸೆರಗು ಬಿಗಿದು ಮೊದಲ ಸಲ ಊದಿದಳು. ಆಗ ಧೂಳಿನ ಹುಲಿಯೊಂದು ಮೈ ಕೊಡವುತ್ತ ಬಂತು. ಅವಳು ನೆಲಕ್ಕೆಲ್ಲ ನೀರು ಚಿಮುಕಿಸಿದಳು. ಹುಲಿ ಒದ್ದೆ ನೆಲದ ಮೇಲೆ ಕಾಲಿಟ್ಟಿತು, ಕಾಲಿಟ್ಟಲ್ಲೇ ಕೆಸರಾಗಿ ಕುಸಿಯಿತು.

ಎರಡನೆಯ ಸಲ ಊದಿದಳು. ಮಂಜಿನ ಹಾವೊಂದು ಬಂದು ತೇವದ ಉಸಿರು ಬಿಟ್ಟಿತು. ಹಸಿ ಅರಗಿಗೆ ತೇವ ತಗಲಿದರೆ ಮೆರುಗು ಹಾಲಿನ ಹಾಗೆ ಬಿಳಿಚುತ್ತದೆ. ದೇವೀರಿ ಒಡಲನ್ನು ಎತ್ತಿಕೊಂಡು ಮಾಳಿಗೆಯ ಬಿಸಿಲಿಗೆ ಓಡಿದಳು. ಬೆನ್ನಟ್ಟಿ ಬಂದ ಹಾವು ಬಿಸಿಲಲ್ಲಿ ಕರಗಿಹೋಯಿತು.

ಕೆಳಗಿಳಿದು ಕಲ್ಲಾದ ಅಣ್ಣನ ಪಕ್ಕದಲ್ಲೇ ಮೂರನೆಯ ಸಲ ಊದಿದಳು. ಈ ಬಾರಿ ಬೂದುಗಣ್ಣ ತಾನೇ ನೊಣವಾಗಿ ಬಂದು ಹಸಿ ಮೆರುಗಿನ ನಟ್ಟನಡುವೆ ಕೂತ. 'ಇವಳ ಆತುರ ಊರಿಗೇ ಗೊತ್ತು. ಬೆರಳು ಹಾಕಿ ನನ್ನನ್ನು ತೆಗೆಯುತ್ತಾಳೆ, ನಾನು ಹಾರುತ್ತೇನೆ, ಕಲೆ ಉಳಿಯುತ್ತದೆ' ಎಂಬುದು ಅವನ ಲೆಕ್ಕ.

ದೇವೀರಿಯ ಕೈ ಮುಂದೆ ಹೋಯಿತು. ಇನ್ನೊಂದು ಕೂದಲೆಳೆಯಷ್ಟೇ ಉಳಿದಿತ್ತು. ಅಷ್ಟರಲ್ಲಿ ಅಣ್ಣನ ಮಾತು ನೆನಪಾಗಿ ಎರಡೂ ಕೈಗಳನ್ನು ಕಂಕುಳಲ್ಲಿ ಅದುಮಿಕೊಂಡು ಕೂತುಬಿಟ್ಟಳು. ಅರಗು ಆರತೊಡಗಿತು. ನೊಣದ ಕಾಲುಗಳು ಕಚ್ಚಿಕೊಂಡವು.

"ತಾಯೀ, ತೆಗೆಯೇ ನನ್ನನ್ನು! ಈಗಲೇ ನಿನ್ನ ಅಣ್ಣನನ್ನು ಎಬ್ಬಿಸುತ್ತೇನೆ!" ಎಂದು ನೊಣ ಕೂಗಿತು. ಅದು ಮಾಂತ್ರಿಕನದೇ ದನಿ.

ದೇವೀರಿ ಕಲ್ಲಾದ ಅಣ್ಣನನ್ನು ನೋಡಿದಳು. ಕಣ್ಣಲ್ಲಿ ನೀರಿತ್ತು, ಆದರೂ ಕಂಕುಳಿಂದ ಕೈ ತೆಗೆಯಲಿಲ್ಲ. "ಏನು ಬಿದ್ದರೂ ಒಣಗಲಿ ಅಂತ ನನ್ನಣ್ಣ ಹೇಳಿದ್ದಾನೆ. ಒಣಗಿ ಸ್ವಾಮೀ" ಎಂದಳು.

ಮೆರುಗು ಗಟ್ಟಿಯಾಗಿ ಒಣಗಿತು. ಆಗ ಅವಳು ಒರಟಾದ ಗರಗತ್ತಿ ಎಲೆ ತೆಗೆದು ಹದವಾಗಿ ಉಜ್ಜಿದಳು. ಧೂಳನ್ನೇ ನಂಬಿದ್ದ ಬೂದುಗಣ್ಣ ಚಿಟಿಕೆ ಧೂಳಾದ. ದೇವೀರಿ ಉಫ್ ಎಂದು ಊದಿದಳು. ಆ ಧೂಳು ಹೋಗಿ ಸಿಂಗಣ್ಣನ ಕಲ್ಲುಮೂಗಿಗೆ ಹೊಕ್ಕಿತು. ಸಿಂಗಣ್ಣ ಮಾಳಿಗೆ ನಡುಗುವಂತೆ ಸೀನಿ, ಕಣ್ಣು ಬಿಟ್ಟ!

ತಂಗಿ ಅಳುತ್ತ ನಗುತ್ತ ಅಣ್ಣನನ್ನು ತಬ್ಬಿಕೊಂಡಳು. ಆಮೇಲೆ ಉಜ್ಜಿದ ಜಾಗಕ್ಕೆ ಇನ್ನೊಮ್ಮೆ ಅರಗು ಊದಿದಳು. ಅದು ಒಣಗುವವರೆಗೆ ಇಬ್ಬರೂ ಸುಮ್ಮನೆ ಕೂತರು. ಸಿಂಗಣ್ಣ ಒಡಲನ್ನು ಬೆಳಕಿಗೆ ಓರೆಯಾಗಿ ಹಿಡಿದು ಇಂಚಿಂಚೂ ಹುಡುಕಿದ.

"ಹೆಬ್ಬೆಟ್ಟು ಎಲ್ಲಿ ತಂಗೀ?"

"ಕಂಕುಳಲ್ಲಿತ್ತು ಅಣ್ಣಾ."

ಸಿಂಗಣ್ಣ ತಂತಿ ಕಟ್ಟಿ ಮೀಟಿದ. ರಾಜ್ಯದ ಮೇಲೆ ಕವಿದಿದ್ದ ಧೂಳೆಲ್ಲ ಎದ್ದು ಓಡಿತು. ಜನ ಬೀದಿಗಿಳಿದು ಕುಣಿದರು, ರಾಜನೂ ಕಿರೀಟ ಪಕ್ಕಕ್ಕಿಟ್ಟು ಕುಣಿದ. ಅಂದಿನಿಂದ ಹೊಂಬಣ್ಣಪುರದವರು ಸುಖವಾಗಿದ್ದಾರೆ. ಹಸಿ ಮೆರುಗಿನ ಮೇಲೆ ನೊಣ ಕೂತರೆ ಅಲ್ಲಿ ಯಾರೂ ಓಡಿಸುವುದಿಲ್ಲ. "ಒಣಗಿ ಸ್ವಾಮೀ" ಎಂದು ಕೈಮುಗಿದು, ಮಜ್ಜಿಗೆ ಕುಡಿಯಲು ಹೋಗುತ್ತಾರೆ.